ಹಾಸಿಗೆ ಗುರುತಿನ ಎರಡು ಗಂಟೆ ಹತ್ತು ನಿಮಿಷ

ಸರಕು ಸಾಗಣೆಯ ದರ ಗೊತ್ತುಮಾಡುವ ಯಂತ್ರವೂ, ನಗುಮುಖದ ಒಡತಿಯೂ, ನಿದ್ದೆಯನ್ನೇ ಅರಿಯದವರೂ ಆದ ಶ್ರೀಮತಿ ಲೈಕ್ಕೆಯವರಿಗೆ

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಯಂತ್ರದ ಕ್ಷೇಮ ಸಮಾಚಾರ ಕೇಳುವ ಪದ್ಧತಿ ನಮ್ಮ ಉತ್ತರ ನಾರ್ವೆಯ ಕಡೆ ಇಲ್ಲ. ಆದರೂ ತಮಗೆ ಹೆಣ್ಣಿನ ಹೆಸರಿಟ್ಟು, ದೂರವಾಣಿಯಲ್ಲಿ ಜೇನು ಸವರಿದ ದನಿ ಕೊಟ್ಟು, ಪ್ರತಿ ಸಂದೇಶದ ಬಾಲಕ್ಕೂ ಒಂದು ಹಳದಿ ನಗುಮುಖ ಅಂಟಿಸಿರುವಾಗ, ಹೇಗಿದ್ದೀರಿ ಎಂದು ಕೇಳದೆ ನೇರ ವಿಷಯಕ್ಕೆ ನುಗ್ಗುವುದು ಒರಟುತನವಾದೀತು. ಲೈಕ್ಕೆ ಎಂದರೆ ನಮ್ಮ ಭಾಷೆಯಲ್ಲಿ ಸುಖ, ಸಂತೋಷ. ಆ ಹೆಸರನ್ನು ತಮಗಿಟ್ಟವರು ಲಾರಿ ಓಡಿಸಿದವರಲ್ಲ ಎಂಬುದು ಮಾತ್ರ ನನಗೆ ಖಾತ್ರಿ. ಇತ್ತ ನಾನು ಕ್ಷೇಮ, ನನ್ನ ಮೂರು ಲಾರಿಗಳು ಕ್ಷೇಮ. ನನ್ನ ಚಾಲಕ ಹಾಲ್‌ಗೇರ್‌ನ ಎಡಗೈ ಹೆಬ್ಬೆರಳಿನ ಉಗುರೊಂದು ಕಪ್ಪಗಾಗಿದೆ, ಅದರ ಕಾರಣವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ತಮಗೆ ನೇರವಾಗಿ ಬರೆದ ನಾಲ್ಕು ಪತ್ರಗಳಿಗೂ "ಈ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಎಂಬ ಒಂದೇ ಉತ್ತರ ಬಂದುದರಿಂದ, ಐದನೆಯದನ್ನು ನಮ್ಮ ಜಿಲ್ಲೆಯ ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅದರ ವಕೀಲರೂ ಮನುಷ್ಯರೇ, ಅವರಿಗೂ ವಿಶ್ರಾಂತಿ ಬೇಕು. ವಿಶ್ರಾಂತಿಯೇ ಈ ಪತ್ರದ ವಿಷಯವೂ ಆಗಿದೆ.

ನಾನು ಟೋರುನ್ ಸ್ಕೋಗ್‌ಹೈಮ್. ಹದಿನಾರನೇ ವಯಸ್ಸಿಗೆ ಮೀನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ತೊಳೆಯಲು ನಿಂತವಳು, ಮೂವತ್ತಕ್ಕೆ ದಿವಾಳಿಯಾದವನೊಬ್ಬನ ಹರಾಜಿನಲ್ಲಿ ಹಳೇ ಲಾರಿಯೊಂದನ್ನು ಹಿಡಿದವಳು. ಆ ಲಾರಿ ಎರಡನೇ ಗೇರಿಗೆ ಬರಲೊಪ್ಪದ ಕಾರಣ ಮೊದಲ ವರ್ಷವಿಡೀ ಅದಿಲ್ಲದೆಯೇ ವ್ಯಾಪಾರ ಮಾಡಿದೆ. ನನ್ನ ಲೆಕ್ಕವೆಲ್ಲ ಈಗಲೂ ಒಂದು ನೀಲಿ ಪುಸ್ತಕದಲ್ಲಿ ಹಿಡಿಸುತ್ತದೆ. ತಮ್ಮ ಲೆಕ್ಕ ಎಷ್ಟು ಪುಸ್ತಕಗಳಲ್ಲಿ ಹಿಡಿಸುತ್ತದೋ ಅರಿಯೆ, ಆದರೆ ಅಷ್ಟು ಪುಸ್ತಕಗಳಲ್ಲೂ ಒಂದು ಏರುರಸ್ತೆಗೆ ಜಾಗ ಸಿಕ್ಕಿಲ್ಲವಲ್ಲ ಎಂಬುದೇ ನನ್ನ ಬೆರಗು.

ಆ ಏರುರಸ್ತೆಯ ಹೆಸರು ಗ್ರೂವಿಕ್ ಏರು. ದ್ವೀಪದ ಕಾರ್ಖಾನೆಯಲ್ಲಿ ಮಂಜುಗಡ್ಡೆ ತುಂಬಿಸಿಕೊಂಡ ಸಾಲ್ಮನ್ ಮೀನು ರೈಲು ಸೇರಬೇಕಾದರೆ ಅದನ್ನು ಹತ್ತಲೇಬೇಕು. ಹಾಲ್‌ಗೇರ್ ಹನ್ನೊಂದು ವರ್ಷದಿಂದ ವಾರಕ್ಕೆ ಐದು ಸಲ ಹತ್ತುತ್ತಿದ್ದಾನೆ. ಎಡಕ್ಕೆ ಬಂಡೆ, ಬಲಕ್ಕೆ ಸಮುದ್ರ, ನಡುವೆ ಗಾಜಿನ ಹಾಗೆ ಹೆಪ್ಪುಗಟ್ಟಿದ ರಸ್ತೆ. ಏರಿನ ಬುಡದಲ್ಲಿ ಚಕ್ರಗಳಿಗೆ ಸರಪಳಿ ಹಾಕಿಕೊಳ್ಳಲೆಂದು ಸರಕಾರ ಮಾಡಿಕೊಟ್ಟ ಒಂದು ತಂಗುಜಾಗವಿದೆ. ಅಲ್ಲಿ ನಿಂತು, ಮಂಡಿಯೂರಿ, ಸರಪಳಿ ಬಿಗಿದು, ಮೇಲೆ ಹೋಗಿ, ಬಿಚ್ಚಿ, ಮುಂದೆ ಸಾಗುವುದು ನಮ್ಮವರ ಕ್ರಮ. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಮುಕ್ಕಾಲು ಗಂಟೆಗೂ ನಾನು ಹಾಲ್‌ಗೇರ್‌ಗೆ ಕೂಲಿ ಕೊಡುತ್ತೇನೆ. ದಯಮಾಡಿ ಈ ಮಾತನ್ನು ತಮ್ಮ ನೆನಪಿನ ಯಾವುದಾದರೂ ಮೂಲೆಯಲ್ಲಿ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಫೆಬ್ರುವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಹಾಲ್‌ಗೇರ್ ಸರಪಳಿ ಹಾಕಿಕೊಂಡು ಏರಿನ ಮೂರನೇ ತಿರುವಿಗೆ ಬಂದಾಗ, ರಸ್ತೆಗೆ ಅಡ್ಡವಾಗಿ ಇನ್ನೊಂದು ಲಾರಿ ಬಾಗಿಲು ಹಾಕಿದ ಹಾಗೆ ನಿಂತಿತ್ತು. ಅದರ ಟ್ರೇಲರಿನ ಹಿಂದಿನ ಚಕ್ರ ರಸ್ತೆಯ ಅಂಚು ಬಿಟ್ಟು ಸಮುದ್ರದ ಕಡೆ ಇಣುಕುತ್ತಿತ್ತು. ಚಾಲಕ ಕೆಳಗಿಳಿದು ಹಿಮದಲ್ಲಿ ನಿಂತಿದ್ದ. ಅವನ ಹೆಸರು ಕೋಸ್ತೆಲ್, ಊರು ರೊಮೇನಿಯಾ, ಕಂಪನಿ ಮೂರನೆಯ ಇನ್ಯಾವುದೋ ದೇಶದ್ದು, ಕಾಲಲ್ಲಿ ಓಡಾಟದ ತೆಳು ಬೂಟು. ದಾರಿಬದಿಯ ಹೋಟೆಲುಗಳಲ್ಲಿ ಕಲಿತ ಹರಕು ನಾರ್ವೇಜಿಯನ್ ಅವನಿಗಿತ್ತು, ಬೈಗುಳ ಕಲಿಸುವ ಉತ್ಸಾಹ ಹಾಲ್‌ಗೇರ್‌ಗಿತ್ತು, ಹೀಗಾಗಿ ಮಾತಿಗೆ ತೊಂದರೆಯಾಗಲಿಲ್ಲ. "ಏನಪ್ಪಾ, ಸಮುದ್ರ ನೋಡೋಕೆ ಇಷ್ಟು ಹತ್ರ ಬರ್ಬೇಕಿತ್ತಾ?" ಎಂದು ಇವನು ಕೇಳಿದನಂತೆ. "ಚೈನ್ ಇದೆ ಅಣ್ಣಾ, ಕಂಪನಿಯೋರು ಕೊಟ್ಟಿದಾರೆ, ಚಕ್ರಕ್ಕೆ ಹಿಡಿಸ್ತಿಲ್ಲ" ಎಂದು ಅವನು ಎರಡು ಸರಪಳಿ ಎತ್ತಿ ತೋರಿಸಿದನಂತೆ. ಹಾಲ್‌ಗೇರ್ ಅವನ್ನು ಕೈಯಲ್ಲಿ ತೂಗಿ ನೋಡಿ, "ಇದನ್ನ ನಿನ್ನ ಹೆಂಡ್ತಿ ಕೊರಳಿಗೆ ಹಾಕು, ಒಪ್ಪುತ್ತೆ" ಎಂದು, ತನ್ನ ಲಾರಿಯಲ್ಲಿ ಉಳಿದಿದ್ದ ಸರಪಳಿಗಳನ್ನು ಇಳಿಸಲು ಹೊರಟನಂತೆ.

ತಪ್ಪಾದದ್ದು ಇಲ್ಲಿ. ಅದನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತೇನೆ. ಪ್ರತಿ ಲಾರಿಯಲ್ಲೂ ಚಾಲಕನ ನಿಮಿಷಗಳನ್ನು ಬರೆದಿಡುವ ಒಂದು ಪೆಟ್ಟಿಗೆ ಇರುವುದು ತಮಗೆ ಗೊತ್ತೇ ಇದೆ, ಅದು ತಮ್ಮ ದೂರದ ನೆಂಟನಾಗಬೇಕು. ಓಡಿಸುವಾಗ ಅದು ತಾನಾಗಿ ಚಕ್ರದ ಗುರುತು ಹಾಕಿಕೊಳ್ಳುತ್ತದೆ. ನಿಂತಾಗ ಮಾತ್ರ ಚಾಲಕನೇ ಹೇಳಬೇಕು: ಬೇರೆ ಕೆಲಸವಾದರೆ ಸುತ್ತಿಗೆಯ ಗುರುತು, ವಿಶ್ರಾಂತಿಯಾದರೆ ಹಾಸಿಗೆಯ ಗುರುತು. ಹಾಲ್‌ಗೇರ್‌ನ ಬೆರಳಿಗೆ ಮೂವತ್ತು ವರ್ಷದ ಅಭ್ಯಾಸವಿದೆ. ಸರಪಳಿ ಹಾಕುವ ಆ ತಂಗುಜಾಗ ಬಿಟ್ಟು ಬೇರೆ ಕಡೆ ಗಾಡಿ ನಿಂತಿತೆಂದರೆ ಕಾಫಿ ಕುಡಿಯುವ ಹೊತ್ತಾಯಿತೆಂದು ತಿಳಿದು, ಕೋಣೆಯಿಂದ ಹೊರಡುವವನು ದೀಪ ಆರಿಸುವ ಹಾಗೆ, ಅದು ಹಾಸಿಗೆಯನ್ನು ಒತ್ತಿಬಿಡುತ್ತದೆ. ಅಂದೂ ಒತ್ತಿತು. ಒತ್ತಿ, ಕೆಳಗಿಳಿದು, ಎರಡು ಗಂಟೆ ಹತ್ತು ನಿಮಿಷ ಅವನು ಮಾಡಿದ ವಿಶ್ರಾಂತಿಯನ್ನು ವಿವರಿಸಲು ಅಪ್ಪಣೆಯಾಗಬೇಕು.

ಮೊದಲು ಎರಡೂ ಲಾರಿಗಳ ಮರಳು ಬಕೆಟ್ಟುಗಳನ್ನು ಖಾಲಿ ಮಾಡಿದ. ಆಮೇಲೆ ಸಲಿಕೆ ಹಿಡಿದು ಟ್ರೇಲರಿನ ಹಿಂದಿನ ಹಿಮ ಕಡಿದ. ಅಷ್ಟರಲ್ಲಿ ಹಿಂದೆ ಬಂದು ನಿಂತ ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹಾಕಿ, "ಇನ್ನೆಷ್ಟು ಹೊತ್ತು ಮಾರಾಯಾ? ನನ್ನ ಬಸ್ಸಲ್ಲಿ ಇಬ್ರು ಹಲ್ಲು ಕೀಳಿಸ್ಕೊಳ್ಳೋಕೆ ಹೊರಟೋರಿದಾರೆ" ಎಂದು ಕೂಗಿದ. "ಅವ್ರನ್ನ ಇಳ್ಸು, ಸಲಿಕೆ ಹಿಡೀಲಿ, ಈ ಚಳೀಗೆ ಹಲ್ಲು ತಾನೇ ಉದುರುತ್ತೆ" ಎಂದು ಇವನು ಕೂಗಿದ. ಇಬ್ಬರೂ ಇಳಿದು ಬಂದು ಸಲಿಕೆ ಹಿಡಿದರೆಂಬುದನ್ನು ನಮ್ಮ ಊರಿನ ಮರ್ಯಾದೆಗಾಗಿ ದಾಖಲಿಸುತ್ತೇನೆ. ಆಮೇಲೆ ಹಾಲ್‌ಗೇರ್, ಮೈನಸ್ ಹದಿನಾಲ್ಕು ಡಿಗ್ರಿಯಲ್ಲಿ, ಯಾವಾಗ ಜಾರೀತೋ ಎಂದು ಹೇಳಲಾಗದ ಪರರ ಲಾರಿಯ ಅಡಿಯಲ್ಲಿ, ಹಿಮದ ಮೇಲೆ ಅಂಗಾತ ಮಲಗಿ ಸರಪಳಿ ಬಿಗಿದ. ಕೊಂಡಿ ಹೆಬ್ಬೆರಳನ್ನು ಕಚ್ಚಿತು. ಅಂಗಾತ ಮಲಗಿದ್ದು ನಿಜ, ಬೆನ್ನು ನೆಲಕ್ಕೆ ತಾಗಿದ್ದೂ ನಿಜ, ಆ ಮಟ್ಟಿಗೆ ಹಾಸಿಗೆಯ ಗುರುತು ಸತ್ಯಕ್ಕೆ ಅಷ್ಟೇನೂ ದೂರವಲ್ಲ ಎಂದು ತಮ್ಮ ಪರವಾಗಿ ನಾನೇ ವಾದಿಸಬಲ್ಲೆ.

ಕೋಸ್ತೆಲ್‌ನ ಲಾರಿ ಕೊನೆಗೂ ಮೇಲೆ ಹತ್ತಿತು. ಸರಪಳಿ ಬಿಚ್ಚಿಕೊಡಲು ಬಂದವನಿಗೆ ಹಾಲ್‌ಗೇರ್, "ಇಟ್ಕೋ, ವಾಪಸ್ ಬರುವಾಗ್ಲೂ ಇದೇ ಏರು ಇಳೀಬೇಕಲ್ಲ, ಯಾವಾಗ್ಲಾದ್ರೂ ಕೊಡೋವಂತೆ" ಎಂದು, ತನ್ನ ಕಾಗದದ ಪೊಟ್ಟಣದಿಂದ ಕಂದು ಚೀಸ್ ಇಟ್ಟ ಎರಡು ಬ್ರೆಡ್ ತುಂಡುಗಳನ್ನೂ ಕೊಟ್ಟ. ಆಮೇಲೆ ತನ್ನ ಲಾರಿ ಹತ್ತಿ ನೋಡಿದರೆ ಪೆಟ್ಟಿಗೆಯಲ್ಲಿ ಹಾಸಿಗೆ. ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದಲ್ಲ. ಕಾಯಿದೆ ಹೇಳಿದಂತೆ ಪೆಟ್ಟಿಗೆಯಿಂದ ಕಾಗದದ ಸುರುಳಿ ತೆಗೆದು, ಅದರ ಹಿಂಬದಿಯಲ್ಲಿ, ಆಗಲೇ ನೀಲಿಗಟ್ಟುತ್ತಿದ್ದ ಉಗುರಿನ ಕೈಯಿಂದ, "ವಿಶ್ರಾಂತಿ ಅಲ್ಲ, ಗ್ರೂವಿಕ್ ಏರಿನಲ್ಲಿ ಸಿಕ್ಕಿಬಿದ್ದ ಲಾರಿಗೆ ಸರಪಳಿ ಹಾಕಿದೆ" ಎಂದು ಬರೆದು ಸಹಿ ಹಾಕಿದ. ಪೋಲೀಸರು ಓದುತ್ತಾರೆ, ರಸ್ತೆ ಇಲಾಖೆಯವರು ಓದುತ್ತಾರೆ. ತಾವು ಮಾತ್ರ ಕಾಗದದ ಹಿಂಬದಿ ಓದುವುದಿಲ್ಲವೆಂದು ನಮಗೆ ಮಾರನೆಯ ದಿನ ತಿಳಿಯಿತು.

ತಮ್ಮ ಸಂದೇಶವನ್ನು ಕಟ್ಟು ಹಾಕಿಸಿ ಅಡಿಗೆಮನೆಯಲ್ಲಿ ತೂಗುಹಾಕಿದ್ದೇನೆ: "ನಿಮ್ಮ ಚಾಲಕರು ಕರ್ತವ್ಯದ ನಡುವೆ ಎರಡು ಗಂಟೆ ಹತ್ತು ನಿಮಿಷ ವಿಶ್ರಾಂತಿ ಪಡೆದಿದ್ದಾರೆ. ವಿಶ್ರಾಂತಿ ಆರೋಗ್ಯಕ್ಕೆ ಒಳ್ಳೆಯದು! ಆದರೆ ಮೀನಿಗೆ ರೈಲು ತಪ್ಪಿದೆ. ನಿಮಗೆ ಒಂದು ಕೆಂಪು ಗುರುತು." ಕೊನೆಯಲ್ಲಿ ನಗುಮುಖ. ಹನ್ನೊಂದು ವರ್ಷದಲ್ಲಿ ಇದು ನಮ್ಮ ಮೊದಲ ಕೆಂಪು ಗುರುತು. ಅದರ ಬೆನ್ನಲ್ಲೇ ಎರಡನೆಯ ಸಂದೇಶವೂ ಬಂತು. ಕೆಂಪು ಗುರುತು ಬಿದ್ದ ದಾರಿಯನ್ನು ನಿಯಮದಂತೆ ಹೊಸ ದರಗಳಿಗೆ ತೆರೆಯಲಾಗಿದೆ, ಸಂತೋಷದ ವಿಷಯವೆಂದರೆ ನಮ್ಮ ದರಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆಗೆ ಒಬ್ಬರು ಒಪ್ಪಿದ್ದಾರೆ, ಮುಂದಿನ ವಾರದ ಶುಕ್ರವಾರ ಮಧ್ಯಾಹ್ನ ಮೂರರೊಳಗೆ ನಾವು ಅಷ್ಟಕ್ಕೆ ಇಳಿದರೆ ದಾರಿ ನಮ್ಮದು, ಇಲ್ಲವಾದರೆ ಅವರದು. ಅವರ ಅರ್ಹತೆಯನ್ನೂ ತಾವು ದಯೆಯಿಂದ ತಿಳಿಸಿದ್ದೀರಿ: "ಸದರಿ ಕಂಪನಿಯ ಲಾರಿ ಈಚೆಗಷ್ಟೇ ಗ್ರೂವಿಕ್ ಏರನ್ನು ಯಾವುದೇ ಅಪಘಾತವಿಲ್ಲದೆ ದಾಟಿದೆ."

ಮಾನ್ಯರೇ, ಸದರಿ ಕಂಪನಿ ಕೋಸ್ತೆಲ್‌ನ ಕಂಪನಿಯೇ. ದಾಟಿದ್ದು ನಮ್ಮ ಸರಪಳಿಯ ಮೇಲೆ, ನಮ್ಮ ಹಾಲ್‌ಗೇರ್‌ನ ಬೆನ್ನ ಮೇಲೆ, ಹಲ್ಲುನೋವಿನ ಇಬ್ಬರ ಸಲಿಕೆಯ ಮೇಲೆ. ತಾವು ಮೆಚ್ಚಿಕೊಂಡ ಅತಿ ಕಡಿಮೆ ದರದೊಳಗೆ ನಾವು ಪುಕ್ಕಟೆ ಕೊಟ್ಟದ್ದೆಲ್ಲ ಸೇರಿಕೊಂಡಿದೆ. ನಮ್ಮ ದರ ಹೆಚ್ಚಾಗಿ ಕಾಣುವುದು ಏಕೆಂದರೆ ಅದನ್ನೆಲ್ಲ ಕೊಂಡವರು ನಾವು. ನಲವತ್ತೆರಡು ವರ್ಷದ ದುಡಿಮೆಯಲ್ಲಿ ನನ್ನ ಎದುರಾಳಿಯ ಖರ್ಚನ್ನು ನಾನೇ ಭರಿಸಿ ಅವನಿಂದಲೇ ಸೋತದ್ದು ಇದೇ ಮೊದಲು. ಇಂಥ ಜಾಣತನ ನನಗಾಗಲಿ ನನ್ನ ನೀಲಿ ಪುಸ್ತಕಕ್ಕಾಗಲಿ ಹೊಳೆದಿರಲಿಲ್ಲ, ಆದ್ದರಿಂದ ತಮಗೆ ನನ್ನ ತುಂಬುಮನದ ಅಭಿನಂದನೆ.

ಕೋಸ್ತೆಲ್ ಬುಡದ ತಂಗುಜಾಗದಲ್ಲಿ ನಿಲ್ಲದೆ ಏರಿಗೆ ನುಗ್ಗಿದ್ದೇಕೆ ಎಂದು ತಮಗೆ ಕುತೂಹಲವಿರಬಹುದು. ಅದನ್ನು ಅವನೇ ಹಾಲ್‌ಗೇರ್‌ಗೆ ಹೇಳಿದ್ದಾನೆ: "ನಂಗೆ ಕಿಲೋಮೀಟರ್ ಲೆಕ್ಕದಲ್ಲಿ ಕೊಡೋದು ಅಣ್ಣಾ. ನಿಂತ್ರೆ ಸೊನ್ನೆ. ಚೈನ್ ಹಾಕೋಕೆ ಮುಕ್ಕಾಲು ಗಂಟೆ ನಿಂತ್ರೆ ಮುಕ್ಕಾಲು ಗಂಟೆ ಸೊನ್ನೆ." ನಮ್ಮ ದೇಶದಲ್ಲಿ ಚಾಲಕನ ಗಂಟೆಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದೆಂಬ ಕಾಯಿದೆ ಇದೆ. ನಮ್ಮ ದಾರಿಯೂ ಶುರುವಿನಿಂದ ಕೊನೆಯವರೆಗೆ ನಮ್ಮ ದೇಶದೊಳಗೇ ಇದೆ. ಆದರೆ ಕಾಗದದ ಮೇಲೆ ಆ ದಾರಿಗೊಂದು ಬಾಲ ಅಂಟಿಸಿ ಗಡಿ ದಾಟಿಸಿಬಿಟ್ಟರೆ ಅದು ಪರದೇಶದ ಓಟವಾಗುತ್ತದೆ, ಕನಿಷ್ಠ ಕೂಲಿ ಗಡಿಯಲ್ಲೇ ಲಾರಿ ಇಳಿದು ಮನೆಗೆ ನಡೆಯುತ್ತದೆ. ರಸ್ತೆ ಸುರಕ್ಷತೆ, ಕೂಲಿ ಎಂದು ಎರಡು ಇಲಾಖೆಗಳು ಎರಡು ಕಟ್ಟಡಗಳಲ್ಲಿ ಕುಳಿತು ಎರಡು ವರದಿ ಬರೆಯುತ್ತಿವೆ. ಗ್ರೂವಿಕ್ ಏರಿನ ಬುಡದಲ್ಲಿ ಅವೆರಡೂ ಒಂದೇ ಮುಕ್ಕಾಲು ಗಂಟೆ. ಅದಕ್ಕೆ ಕೂಲಿ ಇದ್ದರೆ ಸರಪಳಿ ಇರುತ್ತದೆ. ಕೂಲಿ ಇಲ್ಲದಿದ್ದರೆ ರಸ್ತೆಗೆ ಅಡ್ಡ ಲಾರಿ ಇರುತ್ತದೆ, ಅದರ ಹಿಂದೆ ಬಸ್ಸಿರುತ್ತದೆ, ಬಸ್ಸಿನೊಳಗೆ ನಮ್ಮವರಿರುತ್ತಾರೆ.

ತಾವು ಹೇಳಿದ ದರಕ್ಕೆ ಇಳಿಯಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಒಂದು ಇಡೀ ಭಾನುವಾರ ನೀಲಿ ಪುಸ್ತಕದ ಮುಂದೆ ಕುಳಿತೆ. ಡೀಸೆಲ್ ಕಡಿಮೆ ಕುಡಿಯುವಂತೆ ಲಾರಿಗೆ ಬುದ್ಧಿ ಹೇಳಿ ನೋಡಬಹುದು. ಏಳು ಸರಪಳಿಯಲ್ಲಿ ನಾಲ್ಕನ್ನು ಮಾರಬಹುದು, ಉಳಿದ ಮೂರರಲ್ಲಿ ಯಾವ ಚಕ್ರ ಜಾರಬೇಕೆಂದು ತಾವು ಸೂಚಿಸಿದರೆ ಅನುಕೂಲ. ಇಷ್ಟಾದರೂ ಅರ್ಧ ದಾರಿಗೂ ಬರುವುದಿಲ್ಲ. ಉಳಿದರ್ಧ ಇರುವುದು ಹಾಲ್‌ಗೇರ್‌ನ ಜೇಬಿನಲ್ಲಿ ಮಾತ್ರ. ಹಾಗೆಂದು ನಾನು ಅವನಿಗೆ ಹೇಳಿರಲಿಲ್ಲ. ಸೋಮವಾರ ಅವನೇ ಅಡಿಗೆಮನೆಗೆ ಬಂದು, ಟೋಪಿ ತೆಗೆಯದೆ ನಿಂತು, "ಟೋರುನ್, ನನ್ನ ಗಂಟೆ ಕೂಲಿ ಸ್ವಲ್ಪ ಇಳ್ಸು. ಯಾರ್ಗೂ ಹೇಳಲ್ಲ. ಮನೇಲೂ ಹೇಳಲ್ಲ" ಎಂದ. "ಹೆಂಡ್ತಿಗೆ ಹೇಳ್ದೆ ನೀನು ಒಂದು ಜೊತೆ ಕಾಲುಚೀಲಾನೂ ಕೊಂಡಿಲ್ಲ, ಸುಮ್ನೆ ಕೂತು ಕಾಫಿ ಕುಡಿ" ಎಂದೆ. "ದಾರಿ ಹೋದ್ರೆ ನಾನೇನು ಮಾಡ್ಲಿ? ಈ ವಯಸ್ಸಿಗೆ ಯಾರು ತಗೋತಾರೆ? ಎಲ್ಲಾ ನನ್ನ ಬೆರಳಿಂದ ಆದದ್ದು" ಎಂದು ಕಪ್ಪು ಉಗುರನ್ನು ನೋಡಿಕೊಂಡ. "ನಿನ್ನ ಬೆರಳು ಒತ್ತಿದ್ದು ಒಂದೇ ಗುಂಡಿ. ನೀನು ಇವತ್ತು ಇಳಿದ್ರೆ ನಾಳೆ ಅವ್ಳಿಗೆ ಅದೇ ನೆಲ. ಅಲ್ಲಿಂದ ಮತ್ತೆ ಕೆಳಗೆ ಅಗೀತಾಳೆ" ಎಂದೆ. ಅವಳು ಎಂದದ್ದಕ್ಕೆ ಕ್ಷಮಿಸಬೇಕು, ತಾವು ಎನ್ನಬೇಕಿತ್ತು. ಅವನು ಕಾಫಿ ಕುಡಿಯದೆ ಹೋದ. ಹನ್ನೊಂದು ವರ್ಷದಲ್ಲಿ ಅದೂ ಮೊದಲು.

ಆದ್ದರಿಂದ, ಮಾನ್ಯರೇ, ಕೆಲವು ವಿನಂತಿಗಳು. ತಮಗೆ ಎರಡು ಕೈಗಳನ್ನು ಬೆಳೆಸಿಕೊಳ್ಳಲು ಸಾಧ್ಯವಾದರೆ ಮುಂದಿನ ಮಂಗಳವಾರ ದಯಮಾಡಿ ನಮ್ಮ ಏರಿಗೆ ಬನ್ನಿ, ಕೈಗವಸು ನಾನು ಕೊಡುತ್ತೇನೆ. ಕೈ ಬೇಡವೆಂದರೆ ಬೆನ್ನಾದರೂ ಬೆಳೆಸಿಕೊಳ್ಳಿ, ಹಿಮದ ಮೇಲೆ ಹಾಸಲು ಅಷ್ಟು ಸಾಕು. ಗ್ರೂವಿಕ್ ಏರನ್ನೇ ತಮ್ಮ ಸಂಸ್ಥೆಯ ತಪಾಸಣಾಧಿಕಾರಿಯಾಗಿ ನೇಮಿಸುವುದನ್ನೂ ಪರಿಶೀಲಿಸಬೇಕು. ಅದು ಸಂಬಳ ಕೇಳುವುದಿಲ್ಲ, ಲಂಚ ಮುಟ್ಟುವುದಿಲ್ಲ, ನಂಬರ್ ಪ್ಲೇಟ್ ಯಾವ ದೇಶದ್ದೆಂದು ನೋಡುವುದಿಲ್ಲ, ಚಕ್ರವನ್ನಷ್ಟೇ ನೋಡುತ್ತದೆ. ಇವೆಲ್ಲ ಕಷ್ಟವೆನಿಸಿದರೆ ಕಡೆಗೆ ಒಂದೇ ಒಂದನ್ನು ನಡೆಸಿಕೊಡಿ: ಕಾಗದವನ್ನು ತಿರುಗಿಸಿ ಓದಲು ಕಲಿಯಿರಿ. ನನ್ನ ಮೊಮ್ಮಗಳಿಗೆ ಆರು ವರ್ಷ, ಅವಳಿಗೆ ಬರುತ್ತದೆ. ಬೇಕಾದರೆ ಕಳಿಸಿಕೊಡುತ್ತೇನೆ.

ದರದ ವಿಷಯದಲ್ಲಿ ನನ್ನ ಉತ್ತರ ಹೀಗಿದೆ. ಶುಕ್ರವಾರ ಮೂರರೊಳಗೆ ನಮ್ಮಿಂದ ಬರುವುದು ಹಳೆಯ ಅಂಕಿಯೇ, ಒಂದು ಕ್ರೋನರ್ ಕಡಿಮೆಯಿಲ್ಲ. ದಾರಿ ಹೋದರೆ ಒಂದು ಲಾರಿ ಮಾರುತ್ತೇನೆ, ಹಾಲ್‌ಗೇರ್‌ನನ್ನು ಮಾರುವುದಿಲ್ಲ. ಏರಿನ ಮೇಲೆ ಮತ್ತೆ ಯಾರಾದರೂ ಸಿಕ್ಕಿಬಿದ್ದರೆ ನಾವು ಹೋಗಿಯೇ ಹೋಗುತ್ತೇವೆ, ಅದಕ್ಕೆ ತಾವು ಎಷ್ಟು ಕೆಂಪು ಗುರುತು ಬೇಕಾದರೂ ಕೊಡಿ, ನಗುಮುಖವನ್ನು ಮಾತ್ರ ಬಿಟ್ಟುಬಿಡಿ.

ಕಾಗದದ ಎರಡೂ ಬದಿ ಓದುವ ಅಭ್ಯಾಸವುಳ್ಳ,
ತಮ್ಮ ವಿಶ್ವಾಸಿ,
ಟೋರುನ್ ಸ್ಕೋಗ್‌ಹೈಮ್

ಮರೆತ ಮಾತು: ಈ ಪತ್ರ ಮುಗಿಸಿದ್ದು ಗುರುವಾರ ಮಧ್ಯಾಹ್ನ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಮ್ಮ ಅಂಗಳಕ್ಕೆ ಒಬ್ಬ ಬಂದು, ಹೆಗಲಿನ ಮೇಲಿಂದ ಸರಪಳಿಗಳನ್ನು ಇಳಿಸಿ, ಬಾಗಿಲು ತಟ್ಟಿದ. ಕೋಸ್ತೆಲ್. ಸರಪಳಿಗಳನ್ನು ತೊಳೆದು, ಒರೆಸಿ, ಎಣ್ಣೆ ಸವರಿ ತಂದಿದ್ದ. "ಸೋಮವಾರದಿಂದ ಹೊಸ ದಾರಿ ಅಂತ ಕಂಪನಿಯೋರು ಹೇಳಿದ್ರು. ಯಾವ್ದು ಅಂತ ನೋಡಿದ್ರೆ ನಿಮ್ದು. ಇದೇ ಚೈನ್ ಹಾಕ್ಕೊಂಡು ಹೋಗಿ ಅಣ್ಣನ ಹೊಟ್ಟೆ ಮೇಲೆ ಹೊಡೀಲಾ ಅಮ್ಮಾ? ತಗೊಳ್ಳಿ, ನಂಗೆ ಬೇಡ" ಎಂದ. ಒಳಗೆ ಕೂರಿಸಿ, ಕಾದ ಅಚ್ಚಿನಿಂದ ಆಗಷ್ಟೇ ತೆಗೆದ ಸಿಹಿ ವಾಫಲ್ ಕೊಟ್ಟು, ಎಷ್ಟು ಕೊಡುತ್ತಾರೆಂದು ಕೇಳಿದೆ. ಹೇಳಿದ. ಹದಿನಾಲ್ಕು ತಿಂಗಳಿನಿಂದ ನನ್ನ ಮೂರನೇ ಲಾರಿಗೆ ಚಾಲಕ ಬೇಕೆಂದು ಇದೇ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿರುವುದು ತಮ್ಮ ಗಮನಕ್ಕೆ ಬಂದಿರಲಾರದು, ಅದು ಹಿಂಬದಿಯ ಪುಟದಲ್ಲಿ ಬರುತ್ತದೆ. "ಚೈನ್ ಅಲ್ಲೇ ಇರ್ಲಿ, ನೀನೂ ಇಲ್ಲೇ ಇರು" ಎಂದೆ. ಗಂಟೆಗೆ ಇಷ್ಟೆಂದು ಕೂಲಿ ಹೇಳಿದೆ, ಹಾಲ್‌ಗೇರ್ ಮೊದಲ ವರ್ಷ ಇದ್ದ ಮೆಟ್ಟಿಲಿನದೇ. ಅವನು ನಂಬದೆ, "ನಿಂತಾಗ್ಲೂ?" ಎಂದು ಕೇಳಿದ. ನಿಂತಾಗಲೂ ಎಂದೆ.

ಈ ಗಡಿಬಿಡಿಯಲ್ಲಿ ಲಕೋಟೆ ಅಂಟಿಸದೆ ಹಾಗೇ ಉಳಿಯಿತು, ಶುಕ್ರವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ತಮ್ಮ ಸಂದೇಶ ಬಂತು. ಗೆದ್ದ ಕಂಪನಿಗೆ ಸದ್ಯ ಚಾಲಕರು ದೊರೆಯದ ಕಾರಣ, ಈಸ್ಟರ್ ಹಬ್ಬದವರೆಗೆ ದಾರಿ ಹಳೆಯ ದರದಲ್ಲಿ ನಮ್ಮಲ್ಲೇ ಉಳಿಯುತ್ತದೆ, ಕೆಂಪು ಗುರುತು ಮಾತ್ರ ಹಾಗೇ ಇರುತ್ತದೆ. ಇರಲಿ. ಈಸ್ಟರ್ ಕಳೆದ ಮೇಲೆ ಅವರು ಇನ್ನೊಬ್ಬ ಚಾಲಕನನ್ನು ಹುಡುಕಿ ತಂದಾರು. ಅವನಿಗೂ ನಮ್ಮ ಮನೆಯ ದಾರಿ ತೋರಿಸಿ, ಕಾಫಿ ಒಲೆಯ ಮೇಲೇ ಇರುತ್ತದೆ. ಸೋಮವಾರ ಹಾಲ್‌ಗೇರ್ ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿದ. ಕೋಸ್ತೆಲ್ ಆಗಲೇ ಕೈಗವಸು ಹಾಕಿಕೊಂಡು ಬಾಗಿಲು ತೆಗೆದಿದ್ದನಂತೆ. ಹಾಲ್‌ಗೇರ್ ಅವನ ತೋಳು ಹಿಡಿದೆಳೆದು, ಪೆಟ್ಟಿಗೆಯ ಕಡೆ ಕಪ್ಪು ಉಗುರಿನ ಬೆರಳು ತೋರಿಸಿ, "ಇಳಿಯೋಕೆ ಮುಂಚೆ ಸುತ್ತಿಗೆ ಒತ್ತು ಮಾರಾಯಾ, ಚೈನ್ ಆಮೇಲೆ" ಎಂದನಂತೆ.